ಸಾಲಗಾರನಿಗೆ ಜಮಖಾನೆಯಿಲ್ಲ

ಉತ್ತರಪತ್ರಿಕೆಗಳನ್ನು ನಾನು ಹದಿಮೂರು ಹದಿಮೂರಾಗಿ ಕಟ್ಟು ಕಟ್ಟುತ್ತೇನೆ. ಉಳಿದ ಶಿಕ್ಷಕರೆಲ್ಲ ಹತ್ತು, ಇಪ್ಪತ್ತೈದು ಎಂದು ಎಣಿಸುವಾಗ ನನ್ನ ಕೈ ಮಾತ್ರ ಹದಿಮೂರಕ್ಕೆ ತಾನಾಗಿ ನಿಲ್ಲುತ್ತದೆ. ಅಷ್ಟೇ ಆಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಆ ಹದಿಮೂರನ್ನು ಎಡಗೈಯಲ್ಲಿ ಬೀಸಣಿಕೆಯ ಹಾಗೆ ಹರಡಿ, ಎದೆಗೆ ಹತ್ತಿರ ಹಿಡಿದು, ಪಕ್ಕದವರಿಗೆ ಕಾಣದಂತೆ ಓರೆಯಾಗಿ ನೋಡುವುದೂ ನನ್ನ ಅಭ್ಯಾಸ. ಕೊಪ್ಪಳದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೊನ್ನೆ ವಿಜ್ಞಾನದ ಮೇಡಂ ಇದನ್ನು ಕಂಡು, “ಏನ್ರೀ ಗಿರಿಜಾ, ಪೇಪರ್ ತಿದ್ದಾಕತ್ತೀರೋ, ಜೋಕರ್ ಹುಡುಕಾಕತ್ತೀರೋ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಇಡೀ ಮಧ್ಯಾಹ್ನ ಅಪ್ಪನ ಹೊರತು ಬೇರೇನೂ ತಲೆಗೆ ಬರಲಿಲ್ಲ. ಏಳನೇ ತರಗತಿಯ ಮಕ್ಕಳಿಗೆ ಅವತ್ತು ಎರಡೆರಡು ಅಂಕ ಹೆಚ್ಚೇ ಬಿದ್ದಿರಬೇಕು.

ನನ್ನ ಅಪ್ಪನ ಉದ್ಯೋಗ ಇಸ್ಪೀಟು. ಚಟ ಅನ್ನಬೇಡಿ, ಅಪ್ಪನಿಗೆ ಸಿಟ್ಟು ಬರುತ್ತದೆ. ಚಟ ಇದ್ದವರು ಸೋಲುತ್ತಿದ್ದರು, ಅಪ್ಪ ಅವರ ಮೇಲೆ ಗೆದ್ದು ಸಂಸಾರ ನಡೆಸುತ್ತಿದ್ದರು. ಕುಷ್ಟಗಿಯ ಒಂದು ಹಳೆಯ ಎಣ್ಣೆ ಗಿರಣಿಯ ಅಟ್ಟದ ಮೇಲೆ ಜಮಖಾನೆ ಹಾಸಿರುತ್ತಿತ್ತು. ಅದರ ಸುತ್ತ ಐದಾರು ಮಂದಿ, ಒಬ್ಬೊಬ್ಬರ ಕೈಯಲ್ಲಿ ಹದಿಮೂರು ಎಲೆ. ನಮ್ಮ ಕಡೆ ಇಸ್ಪೀಟಿನ ಕಾರ್ಡಿಗೆ ಎಲೆ ಅಂತಲೇ ಹೆಸರು. ಸರಕಾರಿ ನೌಕರರ ಹಾಗೆ ಅಪ್ಪ ಬೆಳಿಗ್ಗೆ ಹನ್ನೊಂದಕ್ಕೆ ರೊಟ್ಟಿಯ ಗಂಟು ಹಿಡಿದು ಹೊರಡುತ್ತಿದ್ದರು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಭಾನುವಾರ ರಜೆಯಿಲ್ಲ, ಅಮಾವಾಸ್ಯೆಗೆ ರಜೆ. ಈಗ ನಾನು ಶಿಕ್ಷಕಿ, ಒಂದು ಮಾತು ಹೇಳದಿದ್ದರೆ ನೌಕರಿಗೆ ದ್ರೋಹ: ಇಸ್ಪೀಟು ಕೆಟ್ಟದ್ದು, ಅದರಿಂದ ಎಷ್ಟೋ ಮನೆ ಹಾಳಾಗಿವೆ. ಹೇಳಿಯಾಯಿತು. ಇನ್ನು ಅಪ್ಪನ ವಿಷಯಕ್ಕೆ ಬರೋಣ.

ಅಪ್ಪ ಬರುವುದು ನಮಗೆ ಓಣಿಯ ತುದಿಯಿಂದಲೇ ತಿಳಿಯುತ್ತಿತ್ತು. ಚಪ್ಪಲಿ ಎಳೆಯುತ್ತ, ಮೂಗಿನೊಳಗೆ ಏನೋ ಗುನುಗುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಚಾಷ್ಟಿ ಮಾಡಿ ನಗಿಸುತ್ತ ಬರುತ್ತಿದ್ದರು. ಕೈಯಲ್ಲಿ ಹಳೆಯ ಪೇಪರಿನ ಪೊಟ್ಟಣ, ಅದರೊಳಗೆ ಬಿಸಿ ಮಿರ್ಚಿ ಭಜಿ. ಗೆದ್ದ ದಿನವೂ ಮಿರ್ಚಿ, ಸೋತ ದಿನವೂ ಮಿರ್ಚಿ. ಆದ್ದರಿಂದ ಯಾವ ದಿನ ಏನಾಯಿತೆಂದು ನನಗೆ ಒಮ್ಮೆಯೂ ಗೊತ್ತಾಗಲಿಲ್ಲ. ಅವ್ವನಿಗೆ ಗೊತ್ತಾಗುತ್ತಿತ್ತಂತೆ. ಸೋತ ದಿನ ಅಪ್ಪ ಇನ್ನೂ ಸ್ವಲ್ಪ ಜಾಸ್ತಿ ನಗಿಸುತ್ತಿದ್ದರೆಂದು ಅವಳು ಹೇಳುತ್ತಾಳೆ. ಒಂದು ಸಲ ಮಿರ್ಚಿಯ ಬದಲು ಕಿನ್ನಾಳದ ಕಟ್ಟಿಗೆಯ ಗಿಳಿ ಬಂತು. ಹಸಿರು ಬಣ್ಣ ಇನ್ನೂ ಹೊಸದಾಗಿ ವಾಸನೆ ಬರುತ್ತಿತ್ತು. ಅದನ್ನು ನಾನು ಎರಡು ವರ್ಷ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದೆ, ಮೂರನೇ ವರ್ಷ ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು.

ಊಟವಾದ ಮೇಲೆ ಕಟ್ಟೆಯ ಮೇಲೆ ನನಗೆ ಪಾಠ. ಅಪ್ಪ ಎಲೆಗಳನ್ನು ಒಂದೊಂದಾಗಿ ತೋರಿಸಿ ಮಗುಚಿ ಹಾಕುತ್ತಿದ್ದರು, ನಾನು ಮೊದಲಿನಿಂದ ಅದೇ ಕ್ರಮದಲ್ಲಿ ಒಪ್ಪಿಸಬೇಕು. ಎಂಟನೇ ವಯಸ್ಸಿಗೆ ಐವತ್ತೆರಡನ್ನೂ ಒಪ್ಪಿಸುತ್ತಿದ್ದೆ. ಆ ವಿದ್ಯೆ ಈಗ ಹೊಟ್ಟೆ ತುಂಬಿಸುತ್ತಿದೆ. ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಹೋದ ಮೊದಲ ದಿನವೇ ಮಕ್ಕಳ ಹೆಸರೆಲ್ಲ ನನಗೆ ಬಾಯಿಪಾಠ. ಈ ವರ್ಷ ಅರವತ್ತು ಮಕ್ಕಳಿದ್ದಾರೆ. ಐವತ್ತೆರಡರವರೆಗೆ ಸಲೀಸು, ಕಡೆಯ ಎಂಟು ಮಕ್ಕಳ ಹೆಸರು ಮಾತ್ರ ಇವತ್ತಿಗೂ ತಪ್ಪುತ್ತೇನೆ.

ಮನೆ ಬದಲಿಸುವಾಗ ಅಂದೆನಲ್ಲ, ಅದು ನಮ್ಮ ಮನೆಯ ಹಬ್ಬದಂತೆ ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು. ಬಾಡಿಗೆಗೆ ಮನೆ ಕೊಡುವವರು ಮೊದಲು ಜಾತಿ ಕೇಳುತ್ತಾರೆ, ಆಮೇಲೆ ಉದ್ಯೋಗ. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ಅವ್ವ ಹೇಳುತ್ತಿದ್ದಳು. ಅವಳ ಸುಳ್ಳಿಗೆ ಎರಡು ವರ್ಷ ಆಯುಷ್ಯ. ಕುಷ್ಟಗಿಯೊಂದರಲ್ಲೇ ಏಳು ಮನೆ ಆದವು. ಯಾವ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮಾಲೀಕರ ಕಟ್ಟಪ್ಪಣೆ. ನಮ್ಮ ಕ್ಯಾಲೆಂಡರ್ ಸದಾ ಕಿಟಕಿಯ ಸರಳಿಗೆ ನೇತಾಡುತ್ತ, ಗಾಳಿ ಬಂದಾಗಲೆಲ್ಲ ತಿಂಗಳು ಬದಲಿಸುತ್ತಿತ್ತು. ಏಳನೇ ಮನೆಯಲ್ಲಿ ಕನ್ನಡಿ ತೂಗುಹಾಕಲು ಅವ್ವ ಕದ್ದು ಒಂದು ಮೊಳೆ ಹೊಡೆದಳು. ಮಾಲೀಕರ ಹೆಂಡತಿ ಬಂದು ಎಲ್ಲರೆದುರು ಅದನ್ನು ಕೀಳಿಸಿದಳು. ಆ ಸಂಜೆ ಅವ್ವ ಮಿರ್ಚಿ ಮುಟ್ಟಲಿಲ್ಲ.

“ನಂಗ ಬಂಗಾರ ಬ್ಯಾಡ, ಸೀರಿ ಬ್ಯಾಡ,” ಅಂದಳು ಅಪ್ಪನಿಗೆ. “ಯಾರ ಅಪ್ಪಣಿನೂ ಕೇಳದ ಒಂದ ಮೊಳಿ ಹೊಡಿಯೂ ಅಷ್ಟ ಗ್ವಾಡಿ ಮಾಡಿಕೊಡ್ರಿ.”

ಅಪ್ಪ ನಗಿಸಲು ನೋಡಲಿಲ್ಲ. “ಆತು,” ಅಂದರು, ಅಷ್ಟೇ.

ಜಾಗ ಇತ್ತು. ಹನುಮಸಾಗರದ ನನ್ನ ಸೋದರಮಾವಂದಿರು ಅವ್ವನಿಗೆ ಅರಿಶಿನ ಕುಂಕುಮಕ್ಕೆಂದು ಕುಷ್ಟಗಿಯ ಹೊರವಲಯದಲ್ಲಿ ಒಂದು ಸಣ್ಣ ಪ್ಲಾಟು ಕೊಟ್ಟಿದ್ದರು. ಕಟ್ಟಲು ಸಾಲ ಬೇಕು. ದೊಡ್ಡ ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯ ನಮಗಿರಲಿಲ್ಲ, ಊರಿನ ಒಂದು ಪತ್ತಿನ ಸಂಘದಿಂದ ಅರ್ಜಿ ತಂದೆವು. ತುಂಬಿದವಳು ನಾನು. ಪಿಯುಸಿ ಎರಡನೇ ವರ್ಷ, ಅಕ್ಷರ ದುಂಡಗಿದ್ದವು. ‘ಉದ್ಯೋಗ’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

“ಒಕ್ಕಲುತನ ಅಂತ ಬರಿ,” ಅಂದಳು ಅವ್ವ.

“ಹೊಲ ಎಲ್ಲೈತಿ?” ಅಪ್ಪ ಕೇಳಿದರು.

“ವ್ಯಾಪಾರ ಅಂತ ಬರಿ ಹಂಗಾರ.”

“ಅಂಗಡಿ ಎಲ್ಲೈತಿ? ಸುಳ್ಳ ಬರದು ಕಟ್ಟಿಸಿದ ಗ್ವಾಡಿಯಾಗ ನಿನ್ನ ಮೊಳಿ ನಿಂದರೂದಿಲ್ಲ. ಇದ್ದದ್ದ ಬರಿ ಯವ್ವಾ.”

ಜಮಖಾನೆಯ ಮೇಲೆ ಕೈಯಲ್ಲಿ ಏನಿದೆಯೆಂದು ದೇವರಿಗೂ ಬಿಟ್ಟುಕೊಡದ ಮನುಷ್ಯ, ಜಮಖಾನೆ ಇಳಿದ ಮೇಲೆ ಒಂದು ಸಣ್ಣ ಸುಳ್ಳು ಹೇಳಲಾರರು. ನಾನು ದುಂಡಗೆ ‘ಇಸ್ಪೀಟು’ ಎಂದು ಬರೆದೆ.

ಸಂಘದ ಕಾರ್ಯದರ್ಶಿ ಗಂಗಾವತಿಯ ಕಡೆಯವರು, ಮಾತಿಗೊಮ್ಮೆ ‘ಅಯಿತೇ’ ಎಂದು ತೆಲುಗಿನ ಒಗ್ಗರಣೆ ಹಾಕುತ್ತಿದ್ದರು. ಅರ್ಜಿ ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಅಯಿತೇ ಸಂಗಪ್ಪನವರ, ಇದಕ್ಕ ಪಗಾರ ಚೀಟಿ ಯಾರ ಕೊಡ್ತಾರ್ರಿ?”

“ಸೋತವರ ಕೊಡ್ತಾರ್ರಿ.”

ಅವರು ತಮಾಷೆ ಎಂದುಕೊಂಡು ನಕ್ಕರು. ಮೂರನೇ ದಿನ ಅಪ್ಪ ನಿಜಕ್ಕೂ ಸೋತವರನ್ನು ಕರೆದುಕೊಂಡು ಹೋದರು. ಕಾಗದಪತ್ರದ ಚೀಲ ಹಿಡಿದು ನಾನೂ ಜೊತೆಗಿದ್ದೆ. ಮುಂದಾಳು ಅಡತಿ ಅಂಗಡಿಯ ವೀರಣ್ಣ ಕಾಕಾ, ಕಾಳುಕಡಿಯ ವ್ಯಾಪಾರದಲ್ಲಿ ಗಳಿಸಿದ್ದನ್ನು ಅಟ್ಟದ ಮೇಲೆ ಕಳೆಯುವುದೇ ಅವರ ನಿಯಮ. ಅವರ ಹಿಂದೆ ಒಬ್ಬ ಬಟ್ಟೆ ಅಂಗಡಿಯವರು, ಒಬ್ಬ ನಿವೃತ್ತ ಗುಮಾಸ್ತರು. ಮೂವರೂ ಮದುವೆಗೆ ಹೊರಟವರಂತೆ ಇಸ್ತ್ರಿ ಅಂಗಿ ಹಾಕಿದ್ದರು.

“ಇವರ ಕೂಡ ಆಡಾಕತ್ತು ಇಪ್ಪತ್ತೆರಡು ವರ್ಷಾತ್ರಿ,” ಎಂದು ವೀರಣ್ಣ ಕಾಕಾ ಸಾಕ್ಷಿ ನುಡಿದರು. “ದೀಪಾವಳಿಗೆ ಲೆಕ್ಕ ತಗದಾಗ ನಾನ ಸೋತಿರ್ತೀನಿ. ಒಂದ ವರ್ಷನೂ ತಪ್ಪಿಲ್ಲ.”

“ಅಂದ್ರ ಇವರ ಆದಾಯಕ್ಕ ನೀವು ಖಾತ್ರಿ ಕೊಡ್ತೀರಿ?”

“ನಾ ಸೋಲೂದು ಖಾತ್ರಿ ಐತ್ರಿ. ಇನ್ನೇನ ಬೇಕು?”

ಬಟ್ಟೆ ಅಂಗಡಿಯವರು ಮೆಲ್ಲಗೆ, “ನಾನೂ ಖರೇನ ಸೋತೀನ್ರಿ, ಆದ್ರ ನನ್ನ ಹೆಸರ ಬರೀಬ್ಯಾಡ್ರಿ, ಮನಿಯಾಕಿಗೆ ತಿಳಿದ್ರ ಕಷ್ಟ,” ಅಂದರು. ಗುಮಾಸ್ತರು ಮಾತ್ರ ಕಚೇರಿಯ ಗಾಂಭೀರ್ಯದಲ್ಲಿ ಹೇಳಿದರು: “ಆಟದಾಗ ಸಂಗಪ್ಪ ಸೋತಾಗ ಮರುದಿನ ನಾನು ಚಾ ಕುಡಿಯೂದರೊಳಗ ರೊಕ್ಕ ಮನಿಗೆ ಮುಟ್ಟಿರತೈತ್ರಿ. ಕಾಗದಿಲ್ಲ, ಸಹಿಯಿಲ್ಲ. ನಿಮ್ಮ ಸಂಘದಾಗ ಅಂಥಾವರು ಎಷ್ಟ ಮಂದಿ ಅದಾರ್ರಿ?”

ಕಾರ್ಯದರ್ಶಿ ಪೆನ್ನು ಎತ್ತಿಕೊಂಡರು. ‘ಇಸ್ಪೀಟು’ ಎಂದಲ್ಲಿ ಅಡ್ಡಗೆರೆ ಎಳೆದು, ಮೇಲೆ ‘ಇತರೆ’ ಎಂದು ಬರೆದರು. ನನಗೆ ಅಕ್ಷರ ಕೆಟ್ಟಿತಲ್ಲ ಎಂದು ಬೇಸರ, ಅಪ್ಪನಿಗೆ ಸುಳ್ಳಿಲ್ಲವಲ್ಲ ಎಂದು ಸಮಾಧಾನ. ಪ್ಲಾಟು ಅಡವಿಟ್ಟು ಹದಿನೈದು ವರ್ಷದ ಕಂತಿಗೆ ಸಾಲ ಮಂಜೂರಾಯಿತು. ಸಹಿ ಮಾಡುವಾಗ ಅಪ್ಪ ಭಾಳ ಹೊತ್ತು ತೆಗೆದುಕೊಂಡರು. ಛಾಪಾ ಕಾಗದಕ್ಕೆ ಹೆದರಿದರೇನೋ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಆ ನಗೆಗಾಗಿ ಈಗ ನನ್ನ ಕಿವಿ ನಾನೇ ಹಿಂಡಿಕೊಳ್ಳುತ್ತೇನೆ.

ಏಕೆಂದರೆ ಆ ಜಮಖಾನೆಗೆ ಒಂದು ಕಾನೂನಿತ್ತು. ಸಾಲ ಇದ್ದವರು ಅದರ ಮೇಲೆ ಕೂರುವಂತಿಲ್ಲ. ಆ ಕಾನೂನು ಮಾಡಿದವರು ಬೇರೆ ಯಾರೂ ಅಲ್ಲ, ನಮ್ಮ ಅಪ್ಪನೇ. ನಾನು ಹುಟ್ಟುವ ಮೊದಲು ಯಲಬುರ್ಗಾ ಕಡೆಯ ಒಬ್ಬಾತ ಬಂದು ಒಂದೇ ದಿನದಲ್ಲಿ ದೊಡ್ಡ ಮೊತ್ತ ಸೋತನಂತೆ. ಗೆದ್ದವರು ಅಪ್ಪ. ಆತ ಹೋದ ಮೇಲೆ ಅದು ತಂಗಿಯ ನಿಶ್ಚಯಕ್ಕೆಂದು ತಂದ ಸಾಲದ ಹಣವೆಂದು ಯಾರೋ ಹೇಳಿದರು. ಮರುದಿನ ಮೊದಲ ಬಸ್ಸಿಗೆ ಅಪ್ಪ ಯಲಬುರ್ಗಾಕ್ಕೆ ಹೋಗಿ, ಮನೆ ಹುಡುಕಿ, ಹಣವನ್ನು ಆತನ ತಾಯಿಯ ಕೈಗೆ ಕೊಟ್ಟರು. ಮಗ ಮರೆತು ಬಂದದ್ದು ಅಂದರಂತೆ. ಅಪ್ಪ ಸುಳ್ಳು ಹೇಳಲಾರರು ಅಂದೆನಲ್ಲ, ಅದೊಂದು ಬಿಟ್ಟು. ಆ ತಾಯಿ, “ಎಂಥಾ ದೇವರಂಥಾ ಮನಶ್ಯಾ ಅದೀಯೋ ನನ್ನಪ್ಪ,” ಎಂದು ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು. ಅಪ್ಪ ಅದನ್ನು ಕುಡಿಯದೆ ಕಟ್ಟೆಯ ಮೇಲಿಟ್ಟು ಎದ್ದು ಬಂದರು. ಮಧ್ಯಾಹ್ನ ಅಟ್ಟಕ್ಕೆ ಬಂದೊಡನೆ ಈ ಕಾನೂನು ಮಾಡಿದರು. ಸಾಲಗಾರನ ಕೈಯಲ್ಲಿರುವುದು ಪರರ ರೊಕ್ಕ, ಅದರಲ್ಲಿ ಆಡುವುದೂ ತಪ್ಪು, ಅದನ್ನು ಗೆಲ್ಲುವುದು ಇನ್ನೂ ತಪ್ಪು.

ಸಾಲ ಮಂಜೂರಾದ ಮರುದಿನ ಏನಾಯಿತೆಂದು ವೀರಣ್ಣ ಕಾಕಾ ನನ್ನ ಮದುವೆಯಲ್ಲಿ ಹೇಳಿದರು. ಅಪ್ಪ ಎಂದಿನಂತೆ ಹನ್ನೊಂದಕ್ಕೆ ಅಟ್ಟ ಹತ್ತಿದರು, ಚಪ್ಪಲಿ ಬಿಟ್ಟರು, ಜಮಖಾನೆಯ ಅಂಚಿನಾಚೆ ಬರೀ ನೆಲದ ಮೇಲೆ ಕೂತರು.

“ಅಲ್ಲ್ಯಾಕ ಕುಂತ್ಯೋ ಸಂಗಣ್ಣಾ? ಒಳಗ ಬಾ,” ಅಂದರಂತೆ ಕಾಕಾ.

“ನಾ ಈಗ ಸಾಲಗಾರ ಅದೀನಿ.”

ಆಗ ಎಲ್ಲರಿಗೂ ಕಾನೂನು ನೆನಪಾಯಿತು. ಆದಾಯಕ್ಕೆ ಸಾಕ್ಷಿ ಹೇಳಲು ಇಸ್ತ್ರಿ ಹಾಕಿಕೊಂಡು ಹೋದ ಮೂವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. “ಅದು ಮನಿ ಸಾಲ, ಅದಕ್ಕ ನಡಿತೈತಿ,” ಎಂದು ಬಟ್ಟೆ ಅಂಗಡಿಯವರು ವಾದಿಸಿದರು. “ಸಾಲದಾಗ ಮನಿದು ಬ್ಯಾರೆ, ಮದುವಿದು ಬ್ಯಾರೆ ಅಂತ ಐತೇನು?” ಎಂದು ಅಪ್ಪ ಕೇಳಿದರು. ಸಂಜೆಯವರೆಗೆ ನೆಲದ ಮೇಲೆ ಕೂತು ಆಟ ನೋಡಿ, ಎದ್ದು ಬಂದರು. ಮತ್ತೆ ಹದಿನೈದು ವರ್ಷ ಆ ಅಟ್ಟ ಹತ್ತಲಿಲ್ಲ.

ಆ ದಿನವೂ ಮಿರ್ಚಿ ತಂದಿದ್ದರು. ನನಗೆ ನೆನಪಿದೆ, ಅವತ್ತು ನಮ್ಮನ್ನು ಭಾಳ ನಗಿಸಿದರು.

ವಾರ ಕಳೆಯುವುದರೊಳಗೆ ಅಪ್ಪ ಹೆದ್ದಾರಿ ಪಕ್ಕದ ದಾಳಿಂಬೆ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದರು. ಐವತ್ತಾರರ ವಯಸ್ಸಿಗೆ ಮೊದಲ ನೌಕರಿ. ಹಣ್ಣನ್ನು ಅಂಗೈಯಲ್ಲಿಟ್ಟು ತೂಕ ಹೇಳಿ, ದೊಡ್ಡದು ಸಣ್ಣದು ಬೇರೆ ಮಾಡಬೇಕು. ಎಲೆ ಹಿಡಿದ ಕೈ, ತಕ್ಕಡಿ ಬೇಕಾಗುತ್ತಿರಲಿಲ್ಲ. ಹಣ್ಣಿಲ್ಲದ ತಿಂಗಳಲ್ಲಿ ಅವೇ ತೋಟಗಳ ಕಾವಲು. ಸಿಪ್ಪೆಯ ಒಗರಿಗೆ ಬೆರಳ ತುದಿ ಕಪ್ಪಾದವು, ಆ ಕಪ್ಪು ಸೋಪಿಗೂ ಹೋಗಲಿಲ್ಲ. ತಿಂಗಳ ಐದನೇ ತಾರೀಖಿಗೆ ಕಂತು, ಹದಿನೈದು ವರ್ಷದಲ್ಲಿ ಒಂದೂ ತಪ್ಪಲಿಲ್ಲ. ಕಾರ್ಯದರ್ಶಿಗಳು ನಿವೃತ್ತರಾಗುವ ದಿನ ಮಹಾಸಭೆಯಲ್ಲಿ ಅಪ್ಪನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರಂತೆ. ಅಪ್ಪ ಆ ಸಭೆಗೆ ಹೋಗಿರಲಿಲ್ಲ, ಅವತ್ತು ಶೆಡ್ಡಿನಲ್ಲಿ ಲಾರಿಗೆ ಲೋಡು ತುಂಬುವುದಿತ್ತು.

ಮನೆಯೇನೋ ಆಯಿತು. ಗೃಹಪ್ರವೇಶದ ದಿನ ಅವ್ವ ಒಂದರ ಹಿಂದೆ ಒಂದು ಒಂಬತ್ತು ಮೊಳೆ ಹೊಡೆದಳು. ತೂಗುಹಾಕಲು ಇದ್ದದ್ದು ಕ್ಯಾಲೆಂಡರು, ಕನ್ನಡಿ, ಒಂದು ದೇವರ ಫೋಟೋ. ಉಳಿದ ಆರು ಖಾಲಿ ಮೊಳೆಗಳನ್ನು ಸೆರಗಿನಿಂದ ಒರೆಸುತ್ತ ನಿಂತ ಅವಳಷ್ಟು ಸುಖದ ಹೆಂಗಸನ್ನು ನಾನು ಕಂಡಿಲ್ಲ. ಆ ಸುಖ ಒಂದು ಮಳೆಗಾಲ ಬಾಳಿತು. ಅಪ್ಪ ಬರುವುದು ಈಗ ಓಣಿಯ ತುದಿಯಿಂದ ತಿಳಿಯುತ್ತಿರಲಿಲ್ಲ. ಸೈಕಲ್ಲು ಗೋಡೆಗೆ ಒರಗಿಸಿದ ಸದ್ದಾದಾಗಲೇ ತಿಳಿಯಬೇಕು. ಕೈಕಾಲು ತೊಳೆದು, ಊಟ ಮಾಡಿ, ಮಲಗುತ್ತಿದ್ದರು. ಸಿಟ್ಟಿಲ್ಲ, ಸಿಡುಕಿಲ್ಲ, ಕೇಳಿದ್ದಕ್ಕೆ ಉತ್ತರ ಇತ್ತು. ಗುನುಗು ಇರಲಿಲ್ಲ.

ಮೂರನೇ ವರ್ಷವೋ ನಾಲ್ಕನೇ ವರ್ಷವೋ ಅವ್ವನೇ ತಡೆಯಲಾರದೆ ಅಂದಳು: “ಹೋಗ್ರಿ, ಒಂದ ಕೈ ಆಡಿ ಬರ್ರಿ. ಯಾರ ನೋಡ್ತಾರ? ನಾ ಬೇಕಾದ್ರ ಕಣ್ಮುಚ್ಚಿಕೊಂಡಿರ್ತೀನಿ.”

“ನೀ ಕಣ್ಮುಚ್ಚಿದ್ರ ಸಾಲ ತೀರತೈತೇನು?” ಎಂದು ಅಪ್ಪ ಮಗ್ಗಲು ಬದಲಿಸಿದರು.

ಅವ್ವ ಅಡುಗೆಮನೆಗೆ ಬಂದು ನನ್ನ ಮುಂದೆ ಅತ್ತಳು. “ಗ್ವಾಡಿ ಕೇಳಿದೆ ನೋಡ ಗಿರಿಜಾ, ಬುದ್ಧಿಯಿಲ್ಲದಾಕಿ. ಮನಿ ಬಂತು, ಮನಶ್ಯಾ ಅಲ್ಲೇ ಅಟ್ಟದ ಮ್ಯಾಲ ಉಳದ.”

ಜೂಜುಕೋರ ಗಂಡ ದುಡಿಯಲು ಹೋಗುತ್ತಾನೆಂದು ಅತ್ತ ಹೆಂಗಸು ನಮ್ಮ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಜೊತೆಗೆ ನಾನೂ ಅತ್ತೆ. ಅಪ್ಪ ಸರಿದಾರಿಗೆ ಬಂದರೆಂದು ಬಂಧುಗಳು ಹೊಗಳುವಾಗೆಲ್ಲ ನಾನು ತಲೆಯಾಡಿಸುತ್ತೇನೆ, ಒಳಗೆ ಮಾತ್ರ ಆ ದಾರಿ ತಪ್ಪಿದ ಅಪ್ಪ ಬೇಕು ಅನಿಸುತ್ತದೆ. ಇಂದಿಗೂ ಅನಿಸುತ್ತದೆ. ಕೊಪ್ಪಳದ ನಮ್ಮ ಬೀದಿಯಲ್ಲಿ ಸಂಜೆ ಯಾರಾದರೂ ಚಪ್ಪಲಿ ಎಳೆದುಕೊಂಡು ನಡೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ.

ಹೋದ ವರ್ಷ ಕಡೆಯ ಕಂತು ಕಟ್ಟಿದರು. ಅಡವಿಟ್ಟ ಕಾಗದ ವಾಪಸು ಬಂತು. ಮರುದಿನ ಅಪ್ಪ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಅವ್ವನಿಂದ ರೊಟ್ಟಿ ಕಟ್ಟಿಸಿಕೊಂಡು ಸರಿಯಾಗಿ ಹನ್ನೊಂದಕ್ಕೆ ಹೊರಟರು. ಅವ್ವ ನನಗೆ ಫೋನ್ ಮಾಡಿ, “ನಿಮ್ಮಪ್ಪ ಹ್ವಾದ್ರು!” ಅಂದಳು, ಮಗ ಶಾಲೆಗೆ ಹೋದಷ್ಟು ಖುಷಿಯಲ್ಲಿ.

ಒಂದು ಗಂಟೆಗೆ ಅಪ್ಪ ರೊಟ್ಟಿಯ ಗಂಟು ಬಿಚ್ಚದೆ ವಾಪಸು ಬಂದರು.

ಅಟ್ಟ ಇತ್ತು, ಜಮಖಾನೆಯೂ ಇತ್ತು. ಹಳಬರು ಮೂವರೂ ಇದ್ದರು, ಇಬ್ಬರು ಹೊಸಬರೂ ಸೇರಿದ್ದರು. ಎಲ್ಲರೂ ಎದ್ದು ನಿಂತು ಅಪ್ಪಿಕೊಂಡು ಒಳಗೆ ಕರೆದರು. ಅಪ್ಪ ಅಂಚಿನಲ್ಲೇ ನಿಂತು ಒಬ್ಬೊಬ್ಬರನ್ನಾಗಿ ಕೇಳಿದರಂತೆ. ವೀರಣ್ಣ ಕಾಕಾನ ಹೆಸರಲ್ಲಿ ಮಗನ ಟ್ರ್ಯಾಕ್ಟರಿನ ಸಾಲ. ಬಟ್ಟೆ ಅಂಗಡಿಯವರಿಗೆ ಅಂಗಡಿಯ ಮೇಲೆ ಸಾಲ. ಗುಮಾಸ್ತರು ಅಳಿಯನಿಗೆ ಜಾಮೀನು ನಿಂತು, ಈಗ ಅಳಿಯನ ಕಂತು ಅವರ ಪಿಂಚಣಿಯಲ್ಲಿ ಹೋಗುತ್ತಿದೆ. ಹೊಸಬರಲ್ಲಿ ಒಬ್ಬನಿಗೆ ಬಂಗಾರದ ಸಾಲ. ಇನ್ನೊಬ್ಬ ಜೇಬಿನಿಂದ ಮೊಬೈಲ್ ತೆಗೆದು, “ಇದನ್ನ ಕಂತಿನ ಮ್ಯಾಲ ತಗೊಂಡೀನಿ ಕಾಕಾ, ಇದೂ ಸಾಲ ಅಕ್ಕೈತೇನು?” ಎಂದನಂತೆ.

“ಆ ಕಾನೂನ ಬಿಟ್ಟು ಭಾಳ ವರ್ಷಾತೋ ಸಂಗಣ್ಣಾ,” ವೀರಣ್ಣ ಕಾಕಾ ತಲೆ ತಗ್ಗಿಸಿ ಹೇಳಿದರು. “ಹಿಡಕೊಂಡು ಕುಂತಿದ್ರ ಆಟ ನಿಂದರ್ತಿತ್ತು. ಈಗ ಊರಾಗ ಸಾಲ ಇಲ್ಲದವರು ಯಾರದಾರ ಹೇಳು? ಬಾ, ಕುಂದ್ರು.”

“ನೀವು ಕುಂದರ್ರಿ, ನಿಮ್ದೇನ ತಪ್ಪಿಲ್ಲ,” ಅಂದರಂತೆ ಅಪ್ಪ. “ಆದ್ರ ನಾ ಈಗ ಕುಂತ್ರ, ಹದಿನೈದು ವರ್ಷ ಹೊರಗ ಇದ್ದದ್ದು ಎದಕ ಅಂತ ನಾ ಯಾರನ್ನ ಕೇಳಲಿ?”

ಇದನ್ನು ಕೇಳಿ ನನಗೆ ಶಾಲೆಯಲ್ಲಿ ಕೂರಲಾಗಲಿಲ್ಲ. ಶನಿವಾರ ಅರ್ಧ ದಿನದ ತರಗತಿ ಮುಗಿಸಿ, ಪೇಟೆಯಲ್ಲಿ ಹೊಸ ಇಸ್ಪೀಟು ಕಟ್ಟು ಕೊಂಡು, ಬಸ್ಸು ಹಿಡಿದು ಕುಷ್ಟಗಿಗೆ ಹೋದೆ. ಕಟ್ಟೆಯ ಮೇಲೆ ಚಾಪೆ ಹಾಸಿ, ಕಟ್ಟನ್ನು ಅಪ್ಪನ ಮುಂದಿಟ್ಟು, “ರೊಕ್ಕಿಲ್ಲ ಏನಿಲ್ಲ, ನಾವಿಬ್ಬರ ಆಡೂಣು ಬಾ ಅಪ್ಪಾ,” ಅಂದೆ.

ಅಪ್ಪ ಹೊದಿಕೆ ಹರಿದು ಎಲೆಗಳನ್ನು ಕೈಗೆ ತೆಗೆದುಕೊಂಡರು. ಮೂಸಿ ನೋಡಿದರು. ಕಪ್ಪಾದ ಆ ಬೆರಳುಗಳು ಮೊದಲು ಒಂದೆರಡು ಸಲ ಎಡವಿದವು, ಆಮೇಲೆ ಎಲೆಗಳು ಸರ್ರೆಂದು ಒಂದರೊಳಗೊಂದು ಹರಿದವು. ಅವ್ವ ಬಾಗಿಲಲ್ಲಿ ಬಂದು ನಿಂತಳು. ಅಪ್ಪ ಹಂಚತೊಡಗಿದರು, ನನಗೊಂದು, ತಮಗೊಂದು. ಮೂಗಿನೊಳಗೆ ಸಣ್ಣಗೆ ಗುನುಗು ಬಂತು. ನಾನು ಉಸಿರು ಹಿಡಿದು ಕೇಳಿದೆ, ಅದೇ ಗುನುಗು.

ಹಂಚುವುದು ಅರ್ಧಕ್ಕೆ ನಿಂತಿತು.

“ಯವ್ವಾ, ಕೊಪ್ಪಳದಾಗ ನೀವು ಗಂಡ ಹೆಂಡತಿ ಮನಿ ತಗೊಂಡಿರಲ್ಲ, ಅದು ಸಾಲದ್ದ ಅಲ್ಲೇನು?”

ಪಗಾರ ಚೀಟಿ ತೋರಿಸಿ ಹನ್ನೆರಡೇ ದಿನದಲ್ಲಿ ಪಡೆದ ಸಾಲ ಅದು. ಸುಲಭಕ್ಕೆ ಸಿಕ್ಕಿತೆಂದು ನಾಲ್ಕು ವರ್ಷದ ಹಿಂದೆ ನಾನೇ ಅಪ್ಪನ ಮುಂದೆ ಜಂಬ ಕೊಚ್ಚಿದ್ದೆ. ಇಲ್ಲ ಅನ್ನಬೇಕು ಅನಿಸಿತು. ಅಪ್ಪ ನನ್ನ ಮುಖ ನೋಡುತ್ತಿದ್ದರು, ಎದುರಾಳಿಗಳ ಮುಖ ಓದಿಯೇ ಅವರು ನನ್ನನ್ನು ಸಾಕಿದ್ದು.

“ಹೌದಪ್ಪಾ.”

“ಇನ್ನಾ ಎಷ್ಟ ವರ್ಷ ಐತಿ?”

“ಹನ್ನೊಂದು.”

ಅಪ್ಪ ನನ್ನ ಎಲೆಗಳನ್ನು ಮೆತ್ತಗೆ ಹಿಂದಕ್ಕೆ ತೆಗೆದುಕೊಂಡರು, ತಮ್ಮವನ್ನೂ ಸೇರಿಸಿ ಕಟ್ಟು ಸರಿಮಾಡಿದರು. “ತೀರಿಸಿ ಬಾ ಯವ್ವಾ,” ಅಂದರು. “ನಾ ಕಾಯ್ತೀನಿ.”

ಅಪ್ಪನಿಗೆ ಈಗ ಎಪ್ಪತ್ತೆರಡು. ಆ ತಿಂಗಳಿನಿಂದ ನಾನು ಕಂತಿನ ಮೇಲೆ ಕೈಲಾದಷ್ಟು ಹೆಚ್ಚಿಗೆ ಕಟ್ಟುತ್ತಿದ್ದೇನೆ. ಬಡ್ಡಿ ಉಳಿಯುತ್ತದೆ ಎಂದು ಗಂಡನಿಗೆ ಹೇಳಿದ್ದೇನೆ.